ಯೋಚನೆಯನ್ನು ಓಡಿಸದೆ ಅದರ ಜೊತೆ ಕೂರುವುದು: ಗೀಳು ಕಾಯಿಲೆಯಲ್ಲಿ ಮೈಂಡ್‌ಫುಲ್‌ನೆಸ್‌ನ ಪಾತ್ರ

ಸಿನಿಮಾ ಗೀಳು, ಕ್ರಿಕೆಟ್ ಗೀಳು, ಮೊಬೈಲ್ ಗೀಳು ಎಂದು ನಾವು ದಿನನಿತ್ಯ ಆಡುವ ಮಾತಿನಲ್ಲಿ ಗೀಳು ಎಂದರೆ ಬಿಡಲಾರದಷ್ಟು ಹಚ್ಚಿಕೊಂಡದ್ದು ಎಂದರ್ಥ. ವೈದ್ಯರು ಗೀಳು ಮನೋರೋಗ ಎಂದು ಕರೆಯುವ ಒಸಿಡಿಯಲ್ಲಿ (ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್) ನಡೆಯುವುದು ಇದಕ್ಕೆ ತೀರಾ ವಿರುದ್ಧ. ಅಲ್ಲಿ ರೋಗಿಗೆ ತನ್ನ ಗೀಳಿನ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲ. ಅದು ಅರ್ಥವಿಲ್ಲದ್ದು, ಅತಿಯಾದದ್ದು ಎಂದು ಬಹುಪಾಲು ರೋಗಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿದ್ದೂ ಬಿಡಲಾಗುವುದಿಲ್ಲ. ಈ ಕಾಯಿಲೆಗೆ ಮೈಂಡ್‌ಫುಲ್‌ನೆಸ್, ಎಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸ, ಒಳ್ಳೆಯದು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ, ಆದರೆ ಅದನ್ನು ಹೇಳುವವರಲ್ಲಿ ಹಲವರು "ಮನಸ್ಸು ಶಾಂತವಾಗುತ್ತದೆ, ಕೆಟ್ಟ ಯೋಚನೆಗಳು ಹೋಗುತ್ತವೆ" ಎಂದು ಕಾರಣ ಕೊಡುತ್ತಾರೆ, ಮತ್ತು ಆ ಕಾರಣ ತಪ್ಪು. ಯೋಚನೆ ಹೋಗಲಿ ಎಂದು ಮಾಡುವ ಮೈಂಡ್‌ಫುಲ್‌ನೆಸ್ ಈ ಕಾಯಿಲೆಯನ್ನು ಹೆಚ್ಚಿಸುವ ಸಾಧ್ಯತೆಯೂ ಇದೆ. ಇದು ಏಕೆ ಹೀಗೆ ಎಂದು ತಿಳಿಯಬೇಕಾದರೆ ಕಾಯಿಲೆ ನಡೆಯುವ ರೀತಿಯನ್ನು ಮೊದಲು ನೋಡಬೇಕು.

ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಟ ಒಬ್ಬರನ್ನು ನೆನೆಸಿಕೊಳ್ಳಿ. ಅಡುಗೆಮನೆಯ ಸಿಲಿಂಡರಿನ ರೆಗ್ಯುಲೇಟರನ್ನು ಆಫ್ ಮಾಡಿದ್ದಾರೆ, ಮಾಡಿದ್ದನ್ನು ಕಣ್ಣಾರೆ ಕಂಡಿದ್ದಾರೆ. ಬಾಗಿಲಿಗೆ ಬೀಗ ಹಾಕಿ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ "ನಿಜವಾಗಿಯೂ ಆಫ್ ಆಗಿತ್ತೇ?" ಎಂಬ ಶಂಕೆ ಬರುತ್ತದೆ, ಅದರ ಬೆನ್ನಿಗೇ ಮನೆ ಹೊತ್ತಿ ಉರಿಯುವ ಚಿತ್ರ, ಪಕ್ಕದ ಮನೆಯ ಮಕ್ಕಳ ಮುಖ. ಎದೆ ಹೊಡೆದುಕೊಳ್ಳುತ್ತದೆ. ಹಿಂದಿರುಗಿ ಬೀಗ ತೆಗೆದು ನೋಡಿದರೆ ರೆಗ್ಯುಲೇಟರ್ ಆಫ್ ಆಗಿಯೇ ಇದೆ, ಜೀವಕ್ಕೆ ಹಾಯೆನಿಸುತ್ತದೆ. ಮತ್ತೆ ಮೆಟ್ಟಿಲು ಇಳಿಯುವಾಗ "ನೋಡುವ ಭರದಲ್ಲಿ ಕೈ ತಾಗಿ ಆನ್ ಆಗಿದ್ದರೆ?" ಎಂಬ ಹೊಸ ಶಂಕೆ. ನಾಲ್ಕನೆಯ ಸಲ ಮೇಲೆ ಹತ್ತುವ ಹೊತ್ತಿಗೆ ಬಸ್ಸು ಹೋಗಿರುತ್ತದೆ.

ಇಲ್ಲಿ ಎರಡು ಭಾಗಗಳಿವೆ. ಕರೆಯದೆ ನುಗ್ಗುವ, ಮತ್ತೆ ಮತ್ತೆ ಮರಳುವ ಯೋಚನೆ, ಚಿತ್ರ ಅಥವಾ ತುಡಿತ ಒಂದು; ಅದರಿಂದ ಎದ್ದ ಕಳವಳವನ್ನು ಇಳಿಸಲು ಮಾಡುವ ಕ್ರಿಯೆ ಇನ್ನೊಂದು. ನೋಡುವವರ ಕಣ್ಣಿಗೆ ಬೀಳುವುದು ಎರಡನೆಯದು, ಕಾಯಿಲೆಯನ್ನು ಬೆಳೆಸುವುದೂ ಎರಡನೆಯದೇ. ಹಾಯೆನಿಸಿದ ಆ ಅರೆಗಳಿಗೆ ಮಿದುಳಿಗೆ ಒಂದು ಪಾಠ ಕಲಿಸಿಬಿಡುತ್ತದೆ: ಅಪಾಯ ನಿಜವಾಗಿಯೂ ಇತ್ತು, ಹೋಗಿ ನೋಡಿದ್ದರಿಂದ ತಪ್ಪಿತು. ಹಾಗಾಗಿ ನಾಳೆ ಶಂಕೆ ಇನ್ನಷ್ಟು ಜೋರಾಗಿ ಬರುತ್ತದೆ. ಇದಕ್ಕೆ ಇನ್ನೊಂದು ವಿಚಿತ್ರವೂ ಸೇರಿಕೊಳ್ಳುತ್ತದೆ. ಡಚ್ ಮನೋವಿಜ್ಞಾನಿಗಳಾದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ಕಾಯಿಲೆಯೂ ಇಲ್ಲದ ಜನರಿಗೆ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಹಲವು ಬಾರಿ ಹಚ್ಚಿ, ಆರಿಸಿ, ಪರೀಕ್ಷಿಸಲು ಹೇಳಿದರು. ಕೊನೆಯ ಸಲ ಏನನ್ನು ಪರೀಕ್ಷಿಸಿದೆವು ಎಂಬ ಅವರ ನೆನಪು ಸರಿಯಾಗಿಯೇ ಇತ್ತು, ಆದರೆ ಆ ನೆನಪಿನ ಸ್ಪಷ್ಟತೆಯೂ ಅದರ ಮೇಲಿನ ನಂಬಿಕೆಯೂ ಕುಗ್ಗಿದ್ದವು. ಎಂದರೆ, ಖಾತರಿಯಾಗಲಿ ಎಂದು ಹೆಚ್ಚು ಹೆಚ್ಚು ನೋಡಿದಷ್ಟೂ ಖಾತರಿ ಕಡಿಮೆಯಾಗುತ್ತ ಹೋಗುತ್ತದೆ. ಮೆಟ್ಟಿಲ ಮೇಲೆ ನಿಂತವರ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ನಾಲ್ಕು ಸಲ ನೋಡಿದ್ದೇ ಅವರ ನಂಬಿಕೆಯನ್ನು ತಿಂದುಹಾಕಿದೆ.

ಎಲ್ಲ ಕ್ರಿಯೆಗಳೂ ಕಣ್ಣಿಗೆ ಕಾಣುವುದಿಲ್ಲ. ಕೈ ತೊಳೆಯುವುದು, ಬೀಗ ಎಳೆದು ನೋಡುವುದು, ವಸ್ತುಗಳನ್ನು ಒಂದೇ ಅಳತೆಯಲ್ಲಿ ಜೋಡಿಸುವುದು ಎಲ್ಲರಿಗೂ ಗೊತ್ತಿರುವಂಥವು. ಆದರೆ ದೇವರ ಮನೆಯಲ್ಲಿ ಕೈ ಮುಗಿದು ನಿಂತಾಗ ಮೂರ್ತಿಯ ಬಗ್ಗೆ ಅಶ್ಲೀಲ ಚಿತ್ರವೊಂದು ಮನಸ್ಸಿಗೆ ಬಂದು, ಅದನ್ನು ತೊಳೆಯಲು ಒಂದೇ ಮಂತ್ರವನ್ನು "ಶುದ್ಧವಾಗಿ" ಮುಗಿಯುವವರೆಗೆ ಮೂವತ್ತು, ನಲವತ್ತು ಸಲ ಒಳಗೊಳಗೇ ಹೇಳಿಕೊಳ್ಳುವವರೂ ಇದ್ದಾರೆ. ಹೊರಗಿನವರಿಗೆ ಅದು ಭಕ್ತಿಯಾಗಿ ಕಾಣುತ್ತದೆ. ಮಡಿ, ಮೈಲಿಗೆಯ ಮನೆಗಳಲ್ಲಿ ಗಂಟೆಗಟ್ಟಲೆ ನಡೆಯುವ ಸ್ನಾನ ಆಚಾರವಾಗಿ ಕಾಣುತ್ತದೆ. ಆಚಾರಕ್ಕೆ ಒಂದು ಮುಕ್ತಾಯವಿದೆ, ಮಾಡಿ ಮುಗಿಸಿದವರಿಗೆ ನೆಮ್ಮದಿಯಿದೆ. ಗೀಳಿಗೆ ಇವೆರಡೂ ಇಲ್ಲ. ವ್ಯತ್ಯಾಸವನ್ನು ಅಲ್ಲಿ ಹುಡುಕಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 0.8ರಷ್ಟು ಮಂದಿಗೆ ಈ ಕಾಯಿಲೆಯಿದೆ. ಇನ್ನೂರು ಮನೆಗಳ ಒಂದು ಊರಿನಲ್ಲಿ ನಾಲ್ಕೈದು ಜನ ಇರಬಹುದು ಎಂದಾಯಿತು.

ಹಾಗಾದರೆ ಕೆಟ್ಟ ಯೋಚನೆಗಳು ಬರುವುದೇ ಕಾಯಿಲೆಯೇ? ಅಲ್ಲ. ಮನೋವಿಜ್ಞಾನಿಗಳಾದ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ 1978ರಲ್ಲಿ ಆರೋಗ್ಯವಂತರನ್ನು ಕೇಳಿ ನೋಡಿದಾಗ, ಹತ್ತರಲ್ಲಿ ಸುಮಾರು ಎಂಟು ಮಂದಿ ತಮಗೂ ಇಂಥ ಬೇಡದ ಯೋಚನೆಗಳು ಬರುತ್ತವೆ ಎಂದರು. ರೈಲು ಬರುವಾಗ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತವರನ್ನು ತಳ್ಳಿಬಿಟ್ಟರೆ ಎಂಬಂಥ ಯೋಚನೆ ಯಾರ ತಲೆಗೂ ಬರಬಹುದು. ಹೆಚ್ಚಿನವರು "ಛೆ, ಎಂಥ ಯೋಚನೆ" ಎಂದುಕೊಂಡು ಕಾಫಿಯ ಕಡೆ ತಿರುಗುತ್ತಾರೆ. ಒಸಿಡಿ ಇರುವವರು ಹಾಗೆ ತಿರುಗಲಾರರು. "ಇಂಥ ಯೋಚನೆ ಬಂತೆಂದರೆ ನಾನು ಎಂಥವನು? ಮಾಡಿಯೇಬಿಟ್ಟರೆ?" ಎಂದು ಅವರು ಆ ಯೋಚನೆಗೆ ಒಂದು ಅರ್ಥ ಕೊಡುತ್ತಾರೆ, ಅದರ ಹೊಣೆಯನ್ನು ಹೊತ್ತುಕೊಳ್ಳುತ್ತಾರೆ. ಬ್ರಿಟನ್ನಿನ ಪಾಲ್ ಸಾಲ್ಕೋವ್‌ಸ್ಕಿಸ್ 1985ರಲ್ಲಿ ಒತ್ತಿ ಹೇಳಿದ್ದು ಇದನ್ನೇ: ತೊಂದರೆಯ ಮೂಲ ನುಗ್ಗಿ ಬಂದ ಯೋಚನೆಯಲ್ಲ, ಅದಕ್ಕೆ ಹಚ್ಚಿದ ಅರ್ಥ.

ಬೇಡವಾದದ್ದನ್ನು ಬಲವಂತವಾಗಿ ಹೊರಗಟ್ಟುವುದು ಸಹಜ ಉಪಾಯ. ಆದರೆ ಅದು ಫಲಿಸುವುದಿಲ್ಲ. ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆಗಳು ಮೊಳಗುತ್ತಲೇ ಇದ್ದವು. ಅಷ್ಟೇ ಅಲ್ಲ, ಆಮೇಲೆ "ಈಗ ಬೇಕಾದರೆ ಯೋಚಿಸಿ" ಎಂದಾಗ, ಮೊದಲು ತಡೆಹಿಡಿದವರಿಗೆ ಕರಡಿ ಇನ್ನೂ ಹೆಚ್ಚು ಬಂತು. ಔಷಧ ಕುಡಿಯುವಾಗ ಕೋತಿಯನ್ನು ನೆನೆಯಬಾರದು ಎಂದ ವೈದ್ಯನ ಕತೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ.

ಮೈಂಡ್‌ಫುಲ್‌ನೆಸ್ ಬರುವುದು ಈ ಜಾಗದಲ್ಲಿ. ಪಾಳಿಯ ಸತಿ, ಸಂಸ್ಕೃತದ ಸ್ಮೃತಿ ಎಂಬ ಬೌದ್ಧ ಪರಿಕಲ್ಪನೆಯನ್ನು 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಎಂಟು ವಾರಗಳ ತರಬೇತಿಯಾಗಿ ರೂಪಿಸಿದರು. ಅನಂತರ ಅದು ಖಿನ್ನತೆಯ ಚಿಕಿತ್ಸೆಗೂ ಬಂತು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಸಿಗುವುದು ಕಷ್ಟ. ಸಾವಧಾನತೆ ಎಂದರೆ ನಮ್ಮ ಕಿವಿಗೆ ನಿಧಾನ, ತಾಳ್ಮೆ ಎಂದು ಕೇಳಿಸುತ್ತದೆ. ಧ್ಯಾನ ಎಂದರೆ ಮನಸ್ಸನ್ನು ಒಂದೆಡೆ ಕಟ್ಟಿಹಾಕಿ, ಉಳಿದ ಯೋಚನೆಗಳನ್ನೆಲ್ಲ ಹೊರಗಿಡುವ ಏಕಾಗ್ರತೆ ನೆನಪಾಗುತ್ತದೆ, ಮತ್ತು ಒಸಿಡಿ ಇರುವವರಿಗೆ ಹೊರಗಿಡುವ ಆ ಪ್ರಯತ್ನವೇ ಕುತ್ತು. ನನಗೆ ಹತ್ತಿರವೆನಿಸುವುದು ಸಾಕ್ಷಿಭಾವ ಎಂಬ ಹಳೆಯ ಮಾತು, ಅದಕ್ಕೆ ಅಂಟಿದ ವೇದಾಂತವನ್ನು ಸ್ವಲ್ಪ ಬದಿಗಿಟ್ಟರೆ. ಈ ಕ್ಷಣದಲ್ಲಿ ಮನಸ್ಸಿನಲ್ಲೂ ಮೈಯಲ್ಲೂ ಏನು ನಡೆಯುತ್ತಿದೆಯೋ ಅದನ್ನು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಡದೆ, ಸರಿಪಡಿಸಲು ಹೊರಡದೆ, ನಡೆಯುತ್ತಿದೆ ಎಂದು ಗಮನಿಸುವುದು. ಇಷ್ಟೇ ಅದರ ತಿರುಳು.

ಇಷ್ಟೇ ಎಂದದ್ದು ಹೇಳುವುದಕ್ಕೆ. ಮಾಡುವುದು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹೆರಿಗೆಯಾಗಿ ಎರಡು ತಿಂಗಳಾದ ಬಾಣಂತಿಯೊಬ್ಬಳು ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಾಳೆ, ಮಗು ಪಕ್ಕದ ಕೋಣೆಯಲ್ಲಿ ಮಲಗಿದೆ. ಈಳಿಗೆಯ ಅಲಗು ಕಣ್ಣಿಗೆ ಬಿದ್ದದ್ದೇ ತಡ, ಅದರಿಂದ ತಾನೇ ಮಗುವಿಗೆ ಏನೋ ಮಾಡಿದಂತೆ ಒಂದು ಚಿತ್ರ ಕಣ್ಣ ಮುಂದೆ ಹಾದುಹೋಗುತ್ತದೆ. ಅವಳು ಬೆಚ್ಚಿಬೀಳುತ್ತಾಳೆ. ಮರುದಿನದಿಂದ ಈಳಿಗೆಮಣೆ ಅಟ್ಟ ಸೇರುತ್ತದೆ, ತರಕಾರಿಯನ್ನು ಅತ್ತೆಯೇ ಹೆಚ್ಚಬೇಕು, ಮಗುವಿನ ಜೊತೆ ಒಬ್ಬಳೇ ಇರಲು ಒಲ್ಲೆ, ರಾತ್ರಿ ನಾಲ್ಕು ಸಲ ಎದ್ದು ಮಗು ಉಸಿರಾಡುತ್ತಿದೆಯೇ ಎಂದು ನೋಡಬೇಕು. ಗಂಡನಿಗೆ ಹೇಳಲು ಭಯ. ಹೇಳಿದರೆ ಮಗುವನ್ನು ತನ್ನಿಂದ ದೂರ ಮಾಡುತ್ತಾರೇನೋ. ಹೆರಿಗೆಯ ನಂತರದ ದಿನಗಳಲ್ಲಿ ಈ ಬಗೆಯ ಒಸಿಡಿ ತಲೆದೋರುವುದು ಅಪರೂಪವಲ್ಲ. ಇಂಥ ಯೋಚನೆ ತಾಯಿಯನ್ನು ಹೆದರಿಸುವುದೇ ಅದು ಅವಳ ಇಚ್ಛೆಗೆ ಪೂರ್ತಿ ವಿರುದ್ಧವಾಗಿರುವುದರಿಂದ. (ಆ ಯೋಚನೆ ತನಗೇ ಸರಿ ಎನಿಸತೊಡಗಿದರೆ, ಯಾರೋ ಆಜ್ಞೆ ಮಾಡುವ ದನಿ ಕೇಳಿಸಿದರೆ ಅದು ಬೇರೆ ಕಾಯಿಲೆ, ತುರ್ತು ಚಿಕಿತ್ಸೆ ಬೇಕಾದದ್ದು.)

ಚಿಕಿತ್ಸೆಯಲ್ಲಿ ಅವಳು ಕಲಿಯುವುದು ಹೀಗೆ. ಮೊದಲು ಈಳಿಗೆಮಣೆಯ ಹತ್ತಿರ ಇಲ್ಲದಾಗಲೇ, ದಿನಕ್ಕೆ ಹತ್ತು ನಿಮಿಷ, ನೆಲದ ಮೇಲೆ ಊರಿದ ಪಾದಗಳ ಒತ್ತಡವನ್ನೋ ಹೊರಗಿನ ಸದ್ದುಗಳನ್ನೋ ಗಮನಿಸುತ್ತ ಕೂರುತ್ತಾಳೆ. ಮನಸ್ಸು ಬೇರೆಡೆ ಹೋದದ್ದು ಗೊತ್ತಾದಾಗ, ಹೋಯಿತಲ್ಲ ಎಂದು ಬೈದುಕೊಳ್ಳದೆ ಮರಳಿ ಬರುತ್ತಾಳೆ. ಇದು ಸಣ್ಣ ಭಾರ ಎತ್ತಿ ತೋಳು ಬಲಪಡಿಸಿಕೊಂಡಂತೆ. ಆಮೇಲೆ ಆ ಚಿತ್ರ ಬಂದಾಗ "ನಾನು ಮಗುವಿಗೆ ಏನೋ ಮಾಡಿಬಿಡುತ್ತೇನೆ" ಎನ್ನುವ ಬದಲು "ಮಗುವಿಗೆ ಏನೋ ಮಾಡಿಬಿಡುತ್ತೇನೆ ಎಂಬ ಯೋಚನೆ ಬಂದಿದೆ" ಎಂದು ಗುರುತಿಸುತ್ತಾಳೆ. ಎರಡು ವಾಕ್ಯಗಳ ನಡುವೆ ಇರುವುದು ಒಂದೆರಡು ಪದಗಳ ಅಂತರ, ಆದರೆ ಮೊದಲನೆಯದರಲ್ಲಿ ಅವಳು ಯೋಚನೆಯ ಒಳಗಿದ್ದಾಳೆ, ಎರಡನೆಯದರಲ್ಲಿ ಹೊರಗೆ ನಿಂತು ಅದನ್ನು ನೋಡುತ್ತಿದ್ದಾಳೆ. ಬಳಿಕ ಮೈಯ ಕಡೆ ತಿರುಗುತ್ತಾಳೆ: ಗಂಟಲು ಬಿಗಿದಿದೆ, ಅಂಗೈ ಬೆವರಿದೆ, ಎದ್ದು ಹೋಗಬೇಕೆಂಬ ಎಳೆತ ಹೊಟ್ಟೆಯಲ್ಲಿದೆ. ಆ ಎಳೆತ ಏರುವುದನ್ನು, ಸ್ವಲ್ಪ ಹೊತ್ತು ನಿಲ್ಲುವುದನ್ನು, ಕೆಲವೊಮ್ಮೆ ಇಳಿಯುವುದನ್ನು ನೋಡುತ್ತಾಳೆ. ಇಳಿಯದಿದ್ದರೂ ಸರಿಯೇ. ಕೈ ಬೀನ್ಸ್ ಹೆಚ್ಚುತ್ತಿರುತ್ತದೆ, ಈಳಿಗೆಮಣೆ ಅಟ್ಟಕ್ಕೆ ಹೋಗುವುದಿಲ್ಲ.

ಈ ಕೊನೆಯ ವಾಕ್ಯವನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಬೆಲೆ ಕಡಿಮೆ. ಒಸಿಡಿಗೆ ಎಲ್ಲಕ್ಕಿಂತ ಗಟ್ಟಿ ಆಧಾರವಿರುವ ಮಾತಿನ ಚಿಕಿತ್ಸೆ ಎಂದರೆ ಇಆರ್‌ಪಿ (ಎಕ್ಸ್‌ಪೋಷರ್ ಆ್ಯಂಡ್ ರೆಸ್ಪಾನ್ಸ್ ಪ್ರಿವೆನ್ಷನ್): ಹೆದರಿಸುವ ಸನ್ನಿವೇಶಕ್ಕೆ ಬೇಕೆಂದೇ, ಹಂತ ಹಂತವಾಗಿ ಎದುರಾಗುವುದು ಮತ್ತು ಅಲ್ಲಿ ಎಂದಿನ ಕ್ರಿಯೆಯನ್ನು ಮಾಡದೆ ಉಳಿಯುವುದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್, ಬೇರಾವ ಚಿಕಿತ್ಸೆಗೂ ಜಗ್ಗದ ಇಬ್ಬರು ರೋಗಿಗಳಲ್ಲಿ ಈ ದಾರಿ ಫಲಿಸಿದ್ದನ್ನು ವರದಿ ಮಾಡಿದಾಗಿನಿಂದ ಅದು ಬೆಳೆಯುತ್ತ ಬಂದಿದೆ. ಆದರೆ ಇದು ಕಠಿಣ ಚಿಕಿತ್ಸೆ; ಕೇಳಿ ಹೆದರಿ ಒಲ್ಲೆ ಎನ್ನುವವರು, ಅರ್ಧಕ್ಕೆ ಬಿಡುವವರು ಸಾಕಷ್ಟಿದ್ದಾರೆ. ಕಳವಳ ಏರುತ್ತಿರುವಾಗ ಏನೂ ಮಾಡದೆ ಇರು ಎಂದರೆ, ಏನೂ ಮಾಡದೆ ಇರುವುದು ಹೇಗೆ ಎಂದು ಯಾರೂ ಕಲಿಸಿರುವುದಿಲ್ಲ. ಮೈಂಡ್‌ಫುಲ್‌ನೆಸ್ ಆ "ಹೇಗೆ"ಯನ್ನು ಕಲಿಸುತ್ತದೆ.

ಈ ಎರಡನ್ನೂ ಹೆಣೆದವರಲ್ಲಿ ಹೆಸರಾದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮನೋವೈದ್ಯ ಜೆಫ್ರಿ ಶ್ವಾರ್ಟ್ಜ್. ಯೋಚನೆಗೆ ಅದರ ಹೆಸರಿಟ್ಟು ಕರೆಯುವುದು, ಅದು ಮಿದುಳಿನ ಕಾಯಿಲೆಯಿಂದ ಬಂದದ್ದೆಂದು ತಿಳಿಯುವುದು, ಗಮನವನ್ನು ಬೇರೊಂದು ಕೆಲಸಕ್ಕೆ ತಿರುಗಿಸುವುದು, ಕಾಲಕ್ರಮೇಣ ಅದರ ಬೆಲೆಯನ್ನು ಇಳಿಸುವುದು ಎಂಬ ನಾಲ್ಕು ಹೆಜ್ಜೆಗಳನ್ನು ಅವರು ಕಲಿಸಿದರು. ಕ್ರಿಯೆಯನ್ನು ಪೂರ್ತಿ ನಿಲ್ಲಿಸಲಾಗದಿದ್ದರೆ 15 ನಿಮಿಷವಾದರೂ ಮುಂದೂಡಿ ಎಂದರು. ಔಷಧವಿಲ್ಲದೆ ವರ್ತನೆಯ ಚಿಕಿತ್ಸೆಯಿಂದಲೇ ಗುಣ ಕಂಡವರಲ್ಲಿ ಮಿದುಳಿನ ಕಾಡೇಟ್ ಎಂಬ ಭಾಗದ ಚಟುವಟಿಕೆ ಬದಲಾಗಿದ್ದನ್ನು 1990ರ ದಶಕದಲ್ಲಿ ಅವರ ತಂಡ ಪೆಟ್ ಸ್ಕ್ಯಾನ್‌ಗಳಲ್ಲಿ ತೋರಿಸಿತು. ಆ ಅಧ್ಯಯನಗಳಲ್ಲಿದ್ದ ರೋಗಿಗಳ ಸಂಖ್ಯೆ ಚಿಕ್ಕದು ಎಂಬುದನ್ನು ಮರೆಯಬಾರದು.

ಒಟ್ಟಾರೆ ಸಾಕ್ಷ್ಯವೂ ಹೀಗೆಯೇ ಮಿಶ್ರವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗಾಗಿಯೇ ಪ್ರತ್ಯೇಕ ಕ್ಲಿನಿಕ್ ಇದ್ದು, ಅಲ್ಲಿನ ತಜ್ಞರು ಮೈಂಡ್‌ಫುಲ್‌ನೆಸ್ ಬೆರೆಸಿದ ಚಿಕಿತ್ಸೆಯನ್ನು, ಮುಖ್ಯವಾಗಿ ಹೊರಗೆ ಕ್ರಿಯೆ ಕಾಣದ, ಯೋಚನೆಗಳೇ ಪ್ರಧಾನವಾದ ರೋಗಿಗಳಲ್ಲಿ ಪ್ರಯತ್ನಿಸಿ 2016ರಲ್ಲಿ ಉತ್ತೇಜಕ ಫಲಿತಾಂಶ ಪ್ರಕಟಿಸಿದರು. ಮುಂದೆ 60 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಒತ್ತಡ ನಿರ್ವಹಣೆಯ ತರಬೇತಿ ಪಡೆದವರಿಗಿಂತ ಮೈಂಡ್‌ಫುಲ್‌ನೆಸ್ ಚಿಕಿತ್ಸೆ ಪಡೆದವರು ಹೆಚ್ಚು ಚೇತರಿಸಿಕೊಂಡರು. ಆದರೆ ಜರ್ಮನಿಯಲ್ಲಿ 125 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆ ಬೇರೆಯದನ್ನು ಹೇಳುತ್ತದೆ. ಅಲ್ಲಿದ್ದವರು ಮೊದಲೇ ಮಾತಿನ ಚಿಕಿತ್ಸೆ ಪಡೆದೂ ಪೂರ್ತಿ ಗುಣವಾಗದವರು. ಮೈಂಡ್‌ಫುಲ್‌ನೆಸ್ ಗುಂಪಿನವರು ತಮಗೆ ಹೆಚ್ಚು ಉಪಯೋಗವಾಯಿತೆಂದರೂ, ವೈದ್ಯರ ಅಳತೆಯಲ್ಲಿ ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡಿದ ಗುಂಪಿಗೂ ಅವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ಇಆರ್‌ಪಿಯ ಬದಲಿಗೆ ಅಲ್ಲ, ಅದರ ಜೊತೆಗೆ ಬಳಸುವುದು ಸದ್ಯಕ್ಕೆ ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ.

ಇನ್ನು ಎಚ್ಚರಿಕೆಗಳ ವಿಷಯ. ಒಸಿಡಿಯ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಈ ಕಾಯಿಲೆ ತನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಕ್ರಿಯೆಯಾಗಿ ಮಾಡಿಕೊಳ್ಳುತ್ತದೆ, ಚಿಕಿತ್ಸೆಯನ್ನೂ ಬಿಡುವುದಿಲ್ಲ. "ಬೀಗ ಹಾಕುವಾಗ ಪೂರ್ತಿ ಗಮನವಿಟ್ಟು ಹಾಕಿ, ಹಾಕಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ, ಆಗ ಅನುಮಾನ ಬರುವುದಿಲ್ಲ" ಎಂಬ ಸಲಹೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮರೆವಿನವರಿಗೆ ಇದು ಒಳ್ಳೆಯ ಸಲಹೆ. ಒಸಿಡಿ ಇರುವವರಿಗೆ ಇದು ಇನ್ನೊಂದು ಸುತ್ತಿನ ಪರೀಕ್ಷೆ: "ಹೇಳಿದೆ ನಿಜ, ಆದರೆ ಹೇಳುವಾಗ ಗಮನ ಪೂರ್ತಿ ಇತ್ತೇ?" ಎಂದು ವಾರದೊಳಗೆ ಶಂಕೆ ಆ ಮಾತಿಗೇ ಅಂಟಿಕೊಳ್ಳುತ್ತದೆ. ಮೊಬೈಲಿನಲ್ಲಿ ಬೀಗದ ಫೋಟೋ ತೆಗೆದುಕೊಳ್ಳುವುದೂ ಅದೇ ಜಾತಿಯದು. ಮೆಟ್ಟಿಲ ಮೇಲೆ ನಿಂತವರು ಅಭ್ಯಾಸ ಮಾಡಬೇಕಾದದ್ದು ರೆಗ್ಯುಲೇಟರನ್ನು ಗಮನವಿಟ್ಟು ನೋಡುವುದನ್ನಲ್ಲ. "ಆಫ್ ಆಗಿರಬಹುದು, ಆಗದೆಯೂ ಇರಬಹುದು" ಎಂಬ ಅನಿಶ್ಚಯವನ್ನು ಎದೆಯಲ್ಲಿ ಇಟ್ಟುಕೊಂಡೇ ಬಸ್‌ಸ್ಟಾಪಿನ ಕಡೆ ನಡೆಯುವುದನ್ನು.

"ಇದು ನಾನಲ್ಲ, ಇದು ಒಸಿಡಿ" ಎಂಬ ಶ್ವಾರ್ಟ್ಜ್ ಮಾದರಿಯ ಗುರುತಿಸುವಿಕೆಯೂ ಹೀಗೆ ಕೆಡಬಹುದು. ಒಮ್ಮೆ ಹೇಳಿಕೊಂಡು ಮುಂದೆ ಹೋದರೆ ಅದು ಗುರುತಿಸುವುದು. ನೆಮ್ಮದಿಯಾಗುವವರೆಗೆ ಇಪ್ಪತ್ತು ಸಲ ಹೇಳಿಕೊಂಡರೆ ಅದು ಜಪ. ಇನ್ನು ಕೆಲವರ ಗೀಳು ಉಸಿರಾಟ, ಕಣ್ಣು ಮಿಟುಕಿಸುವುದು, ಉಗುಳು ನುಂಗುವುದು ಇವುಗಳ ಮೇಲೆಯೇ ಇರುತ್ತದೆ. ಅಂಥವರನ್ನು ಮೊದಲ ದಿನವೇ ಉಸಿರು ಗಮನಿಸುತ್ತ ಕೂರಿಸಿದರೆ ಗೋಳು ಹೆಚ್ಚಬಹುದು, ಸದ್ದು ಅಥವಾ ನಡಿಗೆಯಿಂದ ಶುರುಮಾಡುವುದು ವಾಸಿ. ಹತ್ತು ನಿಮಿಷದ ಅಭ್ಯಾಸ ತಪ್ಪಿದರೆ ಕೆಡುಕಾಗುತ್ತದೆ ಎಂಬ ಭಯ ಹುಟ್ಟಿದರೆ, ಬೇಕೆಂದೇ ಒಂದು ದಿನ ತಪ್ಪಿಸುವುದು ಅಭ್ಯಾಸದ ಭಾಗವಾಗಬೇಕು. ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ಗೊತ್ತುಮಾಡಿಕೊಳ್ಳಲು ಒಂದೇ ಪ್ರಶ್ನೆ ಸಾಕು: ಇದನ್ನು ಮಾಡುತ್ತಿರುವುದು ಯೋಚನೆಗೆ ಜಾಗ ಕೊಡಲಿಕ್ಕೋ, ಅದನ್ನು ಓಡಿಸಲಿಕ್ಕೋ?

ಮನೆಯವರ ಪಾಲೂ ಇದೆ. "ಗ್ಯಾಸ್ ಆಫ್ ಆಗಿದೆ ಅಲ್ವಾ?" ಎಂದು ದಿನಕ್ಕೆ ಹತ್ತು ಸಲ ಕೇಳುವವರಿಗೆ "ಆಗಿದೆ ಮಾರಾಯ್ರೇ" ಎಂದು ಹತ್ತು ಸಲ ಉತ್ತರಿಸುವುದು ಕಳಕಳಿಯೇ ಆದರೂ, ಆ ಉತ್ತರ ರೆಗ್ಯುಲೇಟರ್ ನೋಡಿ ಬಂದಷ್ಟೇ ಕೆಲಸ ಮಾಡುತ್ತದೆ. ಗದರಿದರೆ ಕಳವಳ ಇಮ್ಮಡಿಸುತ್ತದೆ. ಚಿಕಿತ್ಸಕರ ಸಮ್ಮುಖದಲ್ಲಿ ಮೊದಲೇ ಮಾತಾಡಿಕೊಂಡು, "ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಒಪ್ಪಿದ್ದೆವಲ್ಲ, ಕಷ್ಟವಾಗುತ್ತಿದೆ ಅಂತ ಗೊತ್ತು, ಬನ್ನಿ ಜೊತೆಗೆ ನಡೆಯೋಣ" ಎನ್ನುವಂಥ ಒಪ್ಪಂದಕ್ಕೆ ಬರುವುದು ಸಾಧ್ಯ. ಬಾಣಂತಿಯ ಅತ್ತೆಗೂ ಇದೇ ಅನ್ವಯಿಸುತ್ತದೆ. ಸೊಸೆಯ ಬದಲು ತರಕಾರಿ ಹೆಚ್ಚಿಕೊಡುವುದನ್ನು ಅವರು ಮೆಲ್ಲಗೆ ನಿಲ್ಲಿಸಬೇಕಾಗುತ್ತದೆ.

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಈ ಯೋಚನೆ, ಕ್ರಿಯೆಗಳಲ್ಲಿ ಕಳೆಯುತ್ತಿದ್ದರೆ, ಅಥವಾ ಕೆಲಸ, ಓದು, ಸಂಸಾರ ಕೆಡುತ್ತಿದ್ದರೆ, ಮನೆಯಲ್ಲೇ ಕೂತು ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡುವುದರ ಬದಲು ಮನೋವೈದ್ಯರನ್ನು ಕಾಣಬೇಕು. ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳಿಂದ ಅನೇಕರಿಗೆ ಅನುಕೂಲವಾಗುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು, ನಡುವೆ ತಾವಾಗಿಯೇ ನಿಲ್ಲಿಸಬಾರದು. ಯಾರನ್ನು ಕಾಣಬೇಕೆಂದು ತಿಳಿಯದವರು 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸಕರ ಮುಂದೆ ಕೂತಾಗ ಕೇಳಬೇಕಾದ ಮೊದಲ ಪ್ರಶ್ನೆ, ಅವರು ಇಆರ್‌ಪಿ ಮಾಡಿಸುತ್ತಾರೆಯೇ ಎಂಬುದು. ಮೈಂಡ್‌ಫುಲ್‌ನೆಸ್ಸನ್ನು ಅದರೊಳಗೆ ಹೇಗೆ ಬಳಸುತ್ತಾರೆ ಎಂಬುದು ಎರಡನೆಯದು. "ದಿನಾ ಧ್ಯಾನ ಮಾಡಿ, ಕೆಟ್ಟ ಯೋಚನೆ ತಾನಾಗಿ ಹೋಗುತ್ತೆ" ಎಂದಷ್ಟೇ ಹೇಳಿ ಕಳಿಸುವವರಾದರೆ ಇನ್ನೊಬ್ಬರನ್ನು ಹುಡುಕಿಕೊಳ್ಳುವುದು ಒಳ್ಳೆಯದು.